ದಡದ ಮೇಲೊಂದು ಗಡಿ ವಿವಾದ

ಮಂಡ್ಯದವನಿಗೆ ಯಾವ ನದಿ ತೋರಿಸಿದರೂ ಬಾಯಿಗೆ ಬರುವ ಮೊದಲ ಪ್ರಶ್ನೆ: ‘ನೀರು ಯಾರದ್ದು?’ ಆಸ್ಟ್ರೇಲಿಯಾದ ಮಿಲ್ಡ್ಯೂರಾದಲ್ಲಿ, ಮರ್ರೇ ನದಿಯ ದಡದಲ್ಲಿ ಅಳಿಯ ಸೀಟ್ ಬೆಲ್ಟ್ ಬಿಚ್ಚುವ ಮೊದಲೇ ಕೇಳಿಬಿಟ್ಟೆ.

ಊರು ಆಗಲೇ ನೋಡಿ ಮುಗಿಸಿದ್ದೆವು. ಸುಡು ಬಿಸಿಲು, ಕಿತ್ತಳೆ ತೋಟ, ಒಣದ್ರಾಕ್ಷಿ, ಹೆಸರಿನ ಬದಲು ನಂಬರ್ ಹೊತ್ತ ಬೀದಿಗಳು, 1887ರಲ್ಲಿ ನೀರಾವರಿಗೆಂದು ಬಂದು ನೆಲೆ ಹಾಕಿದ ಕೆನಡಾದ ಚಾಫಿ ಸಹೋದರರು, 1912ರಲ್ಲಿ ಕಟ್ಟಿದ ‘ಮೆಲ್ಬರ್ನ್’ ಎಂಬ ಸೌದೆ ಉರಿಸುವ ಹಬೆ ದೋಣಿ. ಎಲ್ಲಕ್ಕೂ ‘ಚೆನ್ನಾಗಿದೆ’ ಅಂದಿದ್ದೆ.

‘ನಾವು ನಿಂತಿರೋದು ವಿಕ್ಟೋರಿಯಾ, ಮಾವ. ನದಿ ನ್ಯೂ ಸೌತ್ ವೇಲ್ಸ್‌ದು. ಗಡಿ ನಡುನೀರಲ್ಲಿಲ್ಲ, ಈ ದಡದ ಅಂಚಲ್ಲೇ ಇದೆ.’

‘ಪೂರ್ತಿ ಅವರದ್ದೇನಾ?’

‘ಹೂಂ. ಗಾಳ ಹಾಕೋಕೂ ಅವರ ಲೈಸೆನ್ಸೇ ಬೇಕು.’

ನನ್ನೊಳಗಿನ ಮಂಡ್ಯ ಎದ್ದು ಕೂತಿತು. ಪ್ಯಾಂಟು ಮಂಡಿಗೇರಿಸಿ, ಚಪ್ಪಲಿ ವಿಕ್ಟೋರಿಯಾದಲ್ಲಿ ಬಿಟ್ಟು, ಬಲಗಾಲನ್ನು ಇಳಿಜಾರಿಗಿಟ್ಟೆ. ಅತಿಕ್ರಮ ಪ್ರವೇಶ! ಯಾರೂ ತಡೆಯಲಿಲ್ಲ. ವಾಪಸು ಬಂದು ಎಡಗಾಲಿಟ್ಟೆ. ಆಮೇಲೆ ಗಡಿಯ ಮೇಲೆ ಕಾಲಗಲಿಸಿ, ಸೊಂಟಕ್ಕೆ ಕೈಕೊಟ್ಟು, ಎರಡು ಸರ್ಕಾರಗಳ ನಡುವೆ ರಾಜಿಗೆ ಕರೆಸಿದವನ ಗತ್ತಿನಲ್ಲಿ ನಿಂತೆ. ಅಷ್ಟರಲ್ಲಿ ನ್ಯೂ ಸೌತ್ ವೇಲ್ಸ್ ಕಡೆಯ ಕಾಲಿಗೆ ಸಡಿಲ ಮಣ್ಣು ಸಿಕ್ಕಿ, ಅದು ಒಕ್ಕೂಟ ಬಿಟ್ಟು ಕೆಳಗೆ ಹೊರಟಿತು. ವಿಕ್ಟೋರಿಯಾದ ಕಾಲು ಒಂದಿಂಚೂ ಬಿಟ್ಟುಕೊಡಲಿಲ್ಲ. ಗೇಣು ಗೇಣಾಗಿ ಅಗಲವಾಗುತ್ತಾ ನಾನೇ ಒಂದು ಅಂತರರಾಜ್ಯ ಸಮಸ್ಯೆಯಾದೆ. ‘ರೀ, ಯಾವುದಾದರೂ ಒಂದು ರಾಜ್ಯಕ್ಕೆ ಸೇರ್ಕೊಳ್ಳಿ!’ ಎಂದು ಕೂಗಿದಳೇ ಹೊರತು ನನ್ನವಳು ವಿಡಿಯೊ ನಿಲ್ಲಿಸಲಿಲ್ಲ. ಕೊನೆಗೆ, ಗಾಳ ಹಾಕಿ ಕೂತಿದ್ದ ಮುದುಕನೊಬ್ಬ ಎದ್ದು ಬಂದು ರಟ್ಟೆ ಹಿಡಿದು ಎಳೆದ.

ಆತ ಒಂದು ಕಾಲದ ದ್ರಾಕ್ಷಿ ಬೆಳೆಗಾರ. ನಾನೂ ಗದ್ದೆಯವನೆಂದು ತಿಳಿದು ಮಾತಿಗೆ ಕೂತ. ನದಿ ಹರಿಯುವ ಮೂರು ರಾಜ್ಯಗಳೂ ಕೇಂದ್ರವೂ 1914ರಲ್ಲೇ ನೀರು ಹಂಚಿಕೆಗೆ ಸಹಿ ಹಾಕಿದ್ದವಂತೆ. ಜಗಳ ಮಾತ್ರ ಇನ್ನೂ ಮುಗಿದಿಲ್ಲವಂತೆ. ಪಕ್ಕದೂರಿನವನೇ ಸಿಕ್ಕಷ್ಟು ಖುಷಿಯಾಯಿತು. ಮುಂದಿನದು ಮಾತ್ರ ಅರಗಲಿಲ್ಲ. ಇಲ್ಲಿ ನೀರಿನ ಹಕ್ಕಿಗೂ ಜಮೀನಿಗೂ ನಂಟು ಕಡಿದಿದ್ದಾರೆ. ನೀರನ್ನಷ್ಟೇ ಮಾರಬಹುದು, ಕೊಳ್ಳಬಹುದು. 2000ದ ದಶಕದ ದೊಡ್ಡ ಬರದಲ್ಲಿ ಆತ ಬಳ್ಳಿ ಕಿತ್ತು ನೀರು ಮಾರಿದ್ದ. ಕೊಂಡವರಾರೋ ಅವನು ಕಂಡಿಲ್ಲ. ಎದುರಿಗೆ ಹೊಳೆ ತುಂಬಿ ಹರಿಯುತ್ತದೆ, ಅದರಲ್ಲಿ ಅವನದ್ದು ಒಂದು ಹನಿಯೂ ಇಲ್ಲ.

ಕೆಆರ್‌ಎಸ್ 124.80 ಅಡಿ ತುಂಬಿತಾ ಅಂತ ಪೇಪರ್ ನೋಡಿಯೇ ಕಾಫಿ ಕುಡಿಯುವವನು ನಾನು. ಕಾರಿನಲ್ಲಿ ಅಳಿಯನನ್ನು ಕೇಳಿದೆ: ‘ಇವತ್ತು ನೀರಿನ ರೇಟೆಷ್ಟಪ್ಪ?’ ಅವನು ಫೋನ್ ನೋಡಿ ಹೇಳಿಯೂ ಬಿಟ್ಟ, ಮೆಗಾಲೀಟರ್ ಲೆಕ್ಕದಲ್ಲಿ.

‘ಊರಿಗೆ ಹೋದ ಮೇಲೆ ನೀವು ಜಾರಿದ ವಿಡಿಯೊ ಬೇಕಾದರೆ ಎಲ್ಲರಿಗೂ ತೋರಿಸಿ’ ಅಂದಳು ನನ್ನವಳು, ‘ಈ ರೇಟು ಮಾತ್ರ ಯಾರ ಕಿವಿಗೂ ಹಾಕಬೇಡಿ.’