ಟೀಚರಮ್ಮನ ರಾಜ್ಯಭಾರ

ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳುವವರು ಎರಡು ಜಾತಿ. ಬೀರುವಿನ ಬೀಗದ ಕೈ ಎಲ್ಲಿ ಹೋಯಿತೆಂದು ಹುಡುಕುವವರು ಒಂದು. ಬೀಗದ ಕೈಗೆ ಮೊಳೆ, ಮೊಳೆಗೆ ನಂಬರು, ನಂಬರಿಗೊಂದು ರಿಜಿಸ್ಟರು ಇಟ್ಟವರು ಇನ್ನೊಂದು. ಮೊದಲನೆಯವರು ಬಹುಸಂಖ್ಯಾತರು, ಸುಖಿಗಳು, ನಾನೂ ಅದೇ ಪೈಕಿ. ಎರಡನೆಯವರು ಹೋಬಳಿಗೆ ಒಬ್ಬರು ಸಿಕ್ಕರೆ ಹೆಚ್ಚು. ಅಕ್ಕಿಹೆಬ್ಬಾಳು ಹೋಬಳಿಯ ಪಾಲಿನವರು ನಮ್ಮ ಶಾಲೆಗೇ ಬಂದರು. ಇಬ್ಬರೇ ಇರುವ ಶಾಲೆ. ಕಾಗದದ ಮೇಲೆ ನಾನು ಪ್ರಭಾರ ಮುಖ್ಯಶಿಕ್ಷಕ, ಆದರೆ ಟೀಚರಮ್ಮನಿಗೆ ಆಳಲು ಮಕ್ಕಳನ್ನು ಬಿಟ್ಟರೆ ಉಳಿದವನು ನಾನೊಬ್ಬನೇ.

ಈ ಜಾತಿಯವರನ್ನು ದೂರದಿಂದಲೇ ಗುರುತಿಸಬಹುದು. ವ್ಯಾನಿಟಿ ಬ್ಯಾಗಿನಲ್ಲಿ ದುಡ್ಡಿರುವುದಿಲ್ಲ. ಗುಂಡುಸೂಜಿ, ರಬ್ಬರ್ ಬ್ಯಾಂಡು, ಬಣ್ಣದ ಟೇಪು ಇರುತ್ತವೆ. ಖಾಲಿ ಡಬ್ಬಿ ಕಂಡರೆ ಕಣ್ಣು ಅರಳುತ್ತದೆ. ಮಕ್ಕಳಿಗೆ ‘ಸುಮ್ಮನಿರ‍್ರೋ’ ಎಂದು ಕಿರುಚುವುದೇ ಇಲ್ಲ. ಎರಡು ಚಪ್ಪಾಳೆ, ಸ್ವಲ್ಪ ತಡೆದು ಇನ್ನೊಂದು, ಅಷ್ಟಕ್ಕೇ ಇಡೀ ಕೊಠಡಿ ಕೈಕಟ್ಟಿ ಕೂರುತ್ತದೆ. ಒಮ್ಮೆ ಕೆ.ಆರ್. ಪೇಟೆ ಬಸ್ಸಿನಲ್ಲಿ ಹಿಂದಿನ ಸೀಟಿನವರು ಸೊಳ್ಳೆ ಹೊಡೆದ ಲಯ ಅದೇ ಇತ್ತೋ ಏನೋ, ನಾನು ಕೈಕಟ್ಟಿಬಿಟ್ಟೆ. ಕಂಡಕ್ಟರು ಬಂದು ‘ಟಿಕೆಟ್ ಸಾ’ ಎಂದರೂ ಬಿಚ್ಚಲು ಧೈರ್ಯ ಬರಲಿಲ್ಲ.

ನಲಿ-ಕಲಿ ಕೊಠಡಿ ನೋಡದವರಿಗೆ ಎರಡು ಮಾತು ಹೇಳಬೇಕು. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ಒಬ್ಬರೇ ಟೀಚರು. ತಲೆಯ ಮೇಲೆ ದಾರದ ಚಪ್ಪರ, ಅದಕ್ಕೆ ಮಕ್ಕಳೇ ಬಿಡಿಸಿದ ಚಿತ್ರಗಳ ತೋರಣ. ಗೋಡೆಯಲ್ಲಿ ಕಲಿಕಾ ಏಣಿ, ಪಕ್ಕದಲ್ಲಿ ರಾಶಿ ರಾಶಿ ಕಾರ್ಡು. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ಏಣಿಯಲ್ಲಿ ನೋಡಿ, ಕಾರ್ಡು ಹುಡುಕಿ ತೆಗೆದು, ತನ್ನ ‘ತಟ್ಟೆ’ಯಲ್ಲಿ ಕೂರಬೇಕು. ತಟ್ಟೆ ಎಂದರೆ ಬಿಸಿಯೂಟದ್ದಲ್ಲ, ಗುಂಪು. ಅಂಥವು ಐದು: ಪೂರ್ತಿ ಟೀಚರ ನೆರವು ಬೇಕಾದವರದು ಮೊದಲನೆಯದು, ಯಾರ ನೆರವೂ ಬೇಡದ ಸ್ವಕಲಿಕೆಯದು ಕೊನೆಯದು. 1995ರಲ್ಲಿ ಎಚ್.ಡಿ. ಕೋಟೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿಬಂದು ಶುರುಮಾಡಿದ ಈ ಪದ್ಧತಿ 2009-10ರಲ್ಲಿ ರಾಜ್ಯವನ್ನೆಲ್ಲ ಹಬ್ಬಿತು. ನನ್ನ ಕೈಯಲ್ಲಿದ್ದಷ್ಟು ಕಾಲ ಮೊಲದ ಕಾರ್ಡು ಆನೆಯ ಡಬ್ಬಿಯಲ್ಲಿ ವಾಸವಾಗಿತ್ತು. ಆಲೆಮನೆ ಶುರುವಾದರೆ ಮಕ್ಕಳ ಬೆಲ್ಲದ ಕೈ ತಾಗಿ ಕಾರ್ಡುಗಳು ನಾಲ್ಕು ನಾಲ್ಕು ಅಂಟಿಕೊಂಡು ಒಂದೇ ಪಾಠವಾಗುತ್ತಿದ್ದವು. ಟೀಚರಮ್ಮ ಬಂದ ವಾರವೇ ಬಾಗಿಲ ಹೊರಗೊಂದು ಬಕೆಟ್ಟು ನೀರು ಬಂತು, ಮೇಲೊಂದು ಬೋರ್ಡು: ‘ಬೆಲ್ಲದ ಕೈ ಇಲ್ಲಿ’. ತಿಂಗಳೊಳಗೆ ನನ್ನನ್ನೂ ಅಳೆದು ನೋಡಿ ಮೊದಲನೇ ತಟ್ಟೆಯಲ್ಲಿ ಕೂರಿಸಿದರು. ಅಲ್ಲಿಂದ ನನಗೆ ಬಡ್ತಿ ಸಿಕ್ಕಿಲ್ಲ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಪೆನ್ಸಿಲ್ ಬ್ಯಾಂಕಿನ ವಿಷಯ ಹೇಳಲೆಂದೇ.

ಪ್ರೈಮರಿ ಶಾಲೆಯಲ್ಲಿ ಅರ್ಧ ದಿನ ತಿನ್ನುವುದು ‘ಮಿಸ್, ಪೆನ್ಸಿಲ್ ಇಲ್ಲ’ ಎಂಬ ಒಂದು ವಾಕ್ಯ. ಕೊಟ್ಟರೆ ಸಂಜೆಗೆ ಮಾಯ, ಕೊಡದಿದ್ದರೆ ಮಗು ಪಕ್ಕದವನ ಜುಟ್ಟು ಹಿಡಿಯುತ್ತದೆ. ಟೀಚರಮ್ಮ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಮೋಟು ಪೆನ್ಸಿಲ್, ಪೆನ್ನು ತುಂಬಿಸಿ ಬ್ಯಾಂಕು ತೆರೆದರು. ಸಾಲ ಬೇಕಾದವರು ಎಡಗಾಲಿನ ಚಪ್ಪಲಿ ಅಡವಿಡಬೇಕು. ಒಂಟಿ ಚಪ್ಪಲಿಯಲ್ಲಿ ಯಾವ ಮಗುವೂ ಮನೆಗೆ ಹೋಗುವುದಿಲ್ಲ, ಹೋದರೆ ಅಮ್ಮ ಬಿಡುವುದಿಲ್ಲ. ಆದ್ದರಿಂದ ಈ ಬ್ಯಾಂಕಿನಲ್ಲಿ ವಸೂಲಾಗದ ಸಾಲವೇ ಇರಲಿಲ್ಲ. ಮೂರನೇ ತರಗತಿಯ ಎರಡು ಜಡೆಯ ಹುಡುಗಿಯೊಬ್ಬಳು ಮ್ಯಾನೇಜರು.

ಒಂದು ದಿನ ಬಿಸಿಯೂಟದ ಲೆಕ್ಕ ಬರೆಯುವಾಗ ನನ್ನ ಪೆನ್ನು ನಿಂತಿತು. ಬ್ಯಾಂಕಿಗೆ ಹೋದೆ.

“ಚಪ್ಲಿ ಬುಡಿ ಸಾ.”

“ನಾನು ಮೇಷ್ಟ್ರು ಕಣವ್ವ.”

“ಮಿಸ್ಸು ಎಲ್ರಿಗೂ ಒಂದೇ ಅಂದವ್ರೆ.”

ಬಿಟ್ಟೆ. ಸರಿಯಾಗಿ ಆಗಲೇ ಗೇಟಿನ ಮುಂದೆ ಜೀಪು ನಿಂತಿತು. ತಾಲ್ಲೂಕಿನಿಂದ ಸಾಹೇಬರು! ಒಂದು ಕಾಲನ್ನು ಇನ್ನೊಂದರ ಹಿಂದೆ ಮರೆಸಿಕೊಂಡು ನಮಸ್ಕಾರ ಮಾಡಿದೆ. ಅವರ ಕಣ್ಣು ಮೊದಲು ಬಿದ್ದದ್ದು ಅಲ್ಲಿಗೇ.

“ಏನ್ ಮೇಷ್ಟ್ರೇ, ಕಾಲಿಗೇನಾಯ್ತು?”

“ಹರಕೆ ಸಾರ್.”

“ಒಂದೇ ಕಾಲಿಗಾ?”

ನಾನು ನಕ್ಕೆ, ಅವರು ನಗಲಿಲ್ಲ. ಕೊಠಡಿಯೆಲ್ಲ ನೋಡಿ ಮುಗಿಸಿ, ಸಂದರ್ಶಕರ ಪುಸ್ತಕ ತೆರೆದು, ಜೇಬು ತಡವಿಕೊಂಡರು. ಪೆನ್ನು ಜೀಪಿನಲ್ಲೇ ಉಳಿದಿತ್ತು. ನಾನು ಸಾಲದ ಪೆನ್ನನ್ನು ಚಾಚಿದೆ. ಮ್ಯಾನೇಜರು ಅಡ್ಡ ಬಂದಳು, ಒಬ್ಬರ ಸಾಲ ಇನ್ನೊಬ್ಬರಿಗೆ ದಾಟಿಸುವಂತಿಲ್ಲವಂತೆ. ಬಾಟಲಿಯಿಂದ ಬೇರೆ ಪೆನ್ನು ತೆಗೆದಳು, ಕೊಡಲಿಲ್ಲ, ಸಾಹೇಬರ ಬೂಟನ್ನೇ ನೋಡುತ್ತ ನಿಂತಳು. ನಾನು ಟೀಚರಮ್ಮನ ಮುಖ ನೋಡಿದೆ. ಒಂದು ಮಾತು ಆಡಿದ್ದರೆ ಸಾಕಿತ್ತು. ಅವರು ಚಪ್ಪರದ ದಾರ ಸರಿಮಾಡುತ್ತಿದ್ದರು. ಸಾಹೇಬರಿಗೆ ಕಾಯಿದೆಯನ್ನು ಮಕ್ಕಳೇ ಒಟ್ಟಾಗಿ ವಿವರಿಸಿದರು. ಅವರು ಬೆಂಚಿನ ಮೇಲೆ ಕೂತು ಲೇಸು ಬಿಚ್ಚಿದರು. ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕಿತು. ಒಂದನೇ ತಟ್ಟೆಯಿಂದ ಐದನೇ ತಟ್ಟೆಯವರೆಗೆ ನಗು ಹರಿಯಿತು. ಎರಡು ಚಪ್ಪಾಳೆ, ತಡೆದು ಇನ್ನೊಂದು. ನಾವೆಲ್ಲ ಕೈಕಟ್ಟಿದೆವು. ‘ತರಗತಿ ನಿರ್ವಹಣೆ ಅತ್ಯುತ್ತಮ’ ಎಂದು ಬರೆದರು. ಕೆಳಗೆ ಇನ್ನೊಂದು ಸಾಲು: ‘ಮುಖ್ಯಶಿಕ್ಷಕರು ಶಿಸ್ತಿನ ಕಡೆ ಗಮನ ಹರಿಸುವುದು.’

ಟೀಚರಮ್ಮನ ತುರುಬಿನಲ್ಲೊಂದು ಕಣ್ಣಿದೆಯೆಂದು ಮಕ್ಕಳು ನಂಬಿದ್ದಾರೆ, ನಾನೂ ನಂಬಿದ್ದೇನೆ. ಅಮೆರಿಕದ ಜೇಕಬ್ ಕೌನಿನ್ ಎಂಬ ಮನಶ್ಶಾಸ್ತ್ರಜ್ಞ ತರಗತಿಗಳ ವಿಡಿಯೋಗಳನ್ನು ಕೂತು ನೋಡಿ 1970ರಲ್ಲಿ ಇದರ ಮೇಲೊಂದು ಪುಸ್ತಕವನ್ನೇ ಬರೆದ. ತಪ್ಪು ನಡೆದ ಮೇಲೆ ಹೇಗೆ ಗದರಿಸುತ್ತಾರೆ ಎಂಬುದರಲ್ಲಿ ಒಳ್ಳೆಯ ಟೀಚರಿಗೂ ಮಿಕ್ಕವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲವಂತೆ. ಇವರಿಗೆ ಎಲ್ಲ ಗೊತ್ತಾಗುತ್ತದೆ ಎಂಬುದು ಮಕ್ಕಳಿಗೆ ಮೊದಲೇ ಗೊತ್ತಿರಬೇಕು, ಒಂದು ಕೆಲಸದಿಂದ ಇನ್ನೊಂದಕ್ಕೆ ದಾಟುವಾಗ ಗಲಿಬಿಲಿ ಇರಬಾರದು, ಗುಟ್ಟೆಲ್ಲ ಅಲ್ಲಿದೆ ಎಂದ. 2009ರ ಶಿಕ್ಷಣ ಹಕ್ಕು ಕಾಯ್ದೆ ಕೋಲು ಕಿತ್ತುಕೊಂಡಾಗ ನಮ್ಮಂಥವರು ಕೈ ಮುರಿದಂತೆ ಗೋಳಾಡಿದೆವು. ಟೀಚರಮ್ಮ ಕೋಲನ್ನು ನಕ್ಷೆ ನೇತುಹಾಕಲು ಬಳಸಿಕೊಂಡರು.

ಒಂದು ವಿಷಯದಲ್ಲಿ ಮಾತ್ರ ನನಗೂ ಅವರಿಗೂ ಜಗಳ. ಗೋಡೆಯ ಮೇಲೆ ‘ನಮ್ಮೂರ ಹಿರಿಯರು’ ಎಂಬ ಚಾರ್ಟಿದೆ. ಎ.ಎನ್. ಮೂರ್ತಿರಾವ್, ಜನನ 1900, ಅಕ್ಕಿಹೆಬ್ಬಾಳು. ಹೆಸರಿನ ಮೊದಲಕ್ಷರವೇ ಈ ಊರು. 2003ರವರೆಗೆ ಬದುಕಿ ಶತಕ ದಾಟಿದವರು. ಮಕ್ಕಳು ಇಷ್ಟನ್ನೂ ಗಟ್ಟಿಯಾಗಿ ಒಪ್ಪಿಸುತ್ತಾರೆ. ‘ಹಗಲುಗನಸುಗಳು’ ಬರೆದವರ ಊರಿನಲ್ಲಿ, ನಿಮ್ಮ ವೇಳಾಪಟ್ಟಿಯಲ್ಲಿ ಮಗು ಸುಮ್ಮನೆ ಕಿಟಕಿಯಾಚೆ ನೋಡಲು ಜಾಗವೇ ಇಲ್ಲವಲ್ಲ ಮೇಡಂ ಎಂದೆ. ಗೆದ್ದೆನೆಂದೇ ಅಂದುಕೊಂಡಿದ್ದೆ. ಮರುದಿನ ವೇಳಾಪಟ್ಟಿಯಲ್ಲಿ ಹೊಸ ಸಾಲು: ‘3.10ರಿಂದ 3.20, ಕಿಟಕಿ’. ಮೈಸೂರು–ಅರಸೀಕೆರೆ ಲೈನಿನಲ್ಲಿ ಯಾವುದಾದರೂ ರೈಲು ಹೋದರೆ ಅದು ಲೆಕ್ಕಕ್ಕೆ ಹೊರತು, ಎಷ್ಟು ಹೊತ್ತಾದರೂ ನೋಡಬಹುದು.

ಈಗೀಗ ಬೆಳಗ್ಗೆ ಹಳದಿ ವ್ಯಾನುಗಳು ಬಂದು ನಮ್ಮ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಇಂಗ್ಲಿಷಿನ ಕಡೆಗೆ ಒಯ್ಯುತ್ತಿವೆ. ಬ್ಯಾಗು ನೇತುಹಾಕಲು ಪ್ರತಿ ಮಗುವಿಗೂ ಹೆಸರು ಬರೆದ ಮೊಳೆಯಿದೆ. ಟಿ.ಸಿ. ತೆಗೆದುಕೊಂಡು ಹೋದವರ ಹೆಸರು ಕಿತ್ತುಬಿಡಿ ಎಂದೆ. ಎಲ್ಲವನ್ನೂ ಹಳೆಯದಾಯಿತೆಂದು ಬದಲಿಸುವ ಹೆಂಗಸು ಇದನ್ನು ಮಾತ್ರ ಒಪ್ಪಲಿಲ್ಲ. “ಇರ‍್ಲಿ ಸಾರ್, ಮೊಳೆ ಏನು ಅನ್ನ ಕೇಳುತ್ತಾ?” ಎಂದರು. ಹೋದ ಒಬ್ಬ ಹುಡುಗ ದೀಪಾವಳಿ ಕಳೆದ ಮೇಲೆ ವಾಪಸ್ಸು ಬಂದ. ಅಪ್ಪ ನನ್ನೊಡನೆ ಅರ್ಜಿಯ ಮಾತಾಡುತ್ತ ನಿಂತಿದ್ದಾಗಲೇ ಅವನು ಒಳಗೆ ಹೋಗಿ ಬ್ಯಾಗು ನೇತುಹಾಕಿ, ಬಕೆಟ್ಟಿನಲ್ಲಿ ಕೈ ತೊಳೆದು, ಯಾವ ತಟ್ಟೆ ಎಂದು ಕೇಳುತ್ತಿದ್ದ. ಮಕ್ಕಳಿಗೆ ತಮ್ಮದೆನ್ನುವ ಒಂದು ಜಾಗ ಇರಬೇಕು, ಇದ್ದರೆ ಅವು... ನೋಡಿ, ಭಾಷಣ ಶುರುವಾಯಿತು. ಯಾರಾದರೂ ಚಪ್ಪಾಳೆ ತಟ್ಟುವ ಮೊದಲು ನಿಲ್ಲಿಸುತ್ತೇನೆ.

ಮೊನ್ನೆ ಟೀಚರಮ್ಮನ ಮಗಳ ಮದುವೆ, ಮಾರನೆಯ ದಿನ ಬೀಗರೂಟ. ನಮ್ಮ ಸೀಮೆಯ ಬೀಗರೂಟ ಕಂಡವರಿಗೆ ಗೊತ್ತು: ಉಣ್ಣುವವನ ಬೆನ್ನಿಗೇ ಇನ್ನೊಬ್ಬ ಕುರ್ಚಿ ಹಿಡಿದು ನಿಂತು ಅವನ ತುತ್ತು ಎಣಿಸುತ್ತಿರಬೇಕು. ಇಲ್ಲಿ ಬಾಗಿಲಲ್ಲೇ ಮ್ಯಾನೇಜರು ಹುಡುಗಿ ಕಾರ್ಡು ಹಂಚುತ್ತಿದ್ದಳು. ಮೀಸೆ ತಿರುವಿದ ಯಜಮಾನರೆಲ್ಲ ಮೊಲ, ಗಿಳಿ, ನವಿಲು ಹಿಡಿದು ಸಾಲಾಗಿ ಕೂತಿದ್ದರು. ನನಗೆ ಆಮೆ. ಗಿಳಿಗಳ ಪಂಕ್ತಿಯಲ್ಲಿ ಒಂದು ಕುರ್ಚಿ ಖಾಲಿ ಕಂಡು ಮೆಲ್ಲಗೆ ನುಸುಳಿದೆ. ಎಲೆಗೆ ಮುದ್ದೆ ಬಿತ್ತು. ಸಾರಿನ ಬಕೆಟ್ಟು ಇನ್ನೇನು ನನ್ನ ಹತ್ತಿರ ಬರಬೇಕು, ಬೆನ್ನ ಹಿಂದೆ ರೇಷ್ಮೆ ಸೀರೆಯ ಸದ್ದಾಯಿತು.

“ಸಾರ್, ನಿಮ್ಮ ತಟ್ಟೆ ಇದಲ್ಲ.”