ಐದು ಕೋಟಿಯ ಚೌಕಾಸಿ

‘ಮಾರಾಟಕ್ಕಿದೆ’ ಎಂಬ ಬೋರ್ಡು ಕಂಡರೆ ನನ್ನ ಕಾಲು ತಾನಾಗಿಯೇ ನಿಲ್ಲುತ್ತದೆ. ಕೊಳ್ಳುವ ಶಕ್ತಿ ಇಲ್ಲ, ಉದ್ದೇಶವಂತೂ ಇಲ್ಲವೇ ಇಲ್ಲ. ಆದರೆ ಗುರುತು ಪರಿಚಯವಿಲ್ಲದವರ ಅಡುಗೆಮನೆಗೆ ನುಗ್ಗಿ, ನಲ್ಲಿ ತಿರುಗಿಸಿ, ‘ಕಾವೇರಿ ನೀರು ದಿನಾ ಬರುತ್ತೋ, ದಿನ ಬಿಟ್ಟು ದಿನವೋ?’ ಎಂದು ಗದರುವ ದನಿಯಲ್ಲಿ ಕೇಳುವ ಅಧಿಕಾರ ಕೊಳ್ಳುವವನಿಗಲ್ಲದೆ ಇನ್ಯಾರಿಗಿದೆ? ಅಳಿಯನಿಗೂ ಇಲ್ಲ.

ಈ ಸಲ ಬೋರ್ಡು ಕಂಡದ್ದು ಬಸವನಗುಡಿಯಲ್ಲಿ, ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯೊಂದರಲ್ಲಿ. ಮೂವತ್ತು ನಲವತ್ತರ ಸೈಟು, ಗ್ರೌಂಡ್ ಪ್ಲಸ್ ಮೂರು, ಪೂರ್ವದ ಬಾಗಿಲು, ಎ ಖಾತಾ. ‘ಬ್ರೋಕರುಗಳಿಗೆ ಪ್ರವೇಶವಿಲ್ಲ’ ಎಂದು ಬರೆದಿತ್ತು. ಅದರ ಕೆಳಗಿದ್ದ ಫೋನ್ ನಂಬರು ಬ್ರೋಕರನದೇ. ಬಂದವನೇ ಶುರು ಮಾಡಿದ: ‘ವಾಕಿಂಗಿಗೆ ಬ್ಯೂಗಲ್ ರಾಕ್, ದೇವರಿಗೆ ದೊಡ್ಡ ಬಸವಣ್ಣ, ದೋಸೆಗೆ ವಿದ್ಯಾರ್ಥಿ ಭವನ, ಕಾರ್ತಿಕದಲ್ಲಿ ಕಡಲೆಕಾಯಿ ಪರಿಷೆ ಬಾಗಿಲಿಗೇ ಬರುತ್ತೆ ಸಾರ್.’ 1943ರಿಂದ ಯಾರೋ ಹಾಕುತ್ತಿರುವ ದೋಸೆಯ ಖದರನ್ನೂ ಈ ಕಟ್ಟಡದ ಬೆಲೆಗೆ ಸೇರಿಸಿದ್ದಾರೆಂದು ನನಗೆ ಆಗಲೇ ಅನುಮಾನ ಬಂತು.

ಪೇಟೆಯ ಇಕ್ಕಟ್ಟಿನಲ್ಲಿ 1898ರ ಪ್ಲೇಗಿಗೆ ಜನ ಸತ್ತ ಮೇಲಲ್ಲವೇ, ಗಾಳಿ ಬೆಳಕಾದರೂ ಇರಲಿ ಎಂದು ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿದ್ದು. ಆ ಕಾಲದ ತೋಟದ ಮನೆಗಳು ಅಣ್ಣತಮ್ಮಂದಿರ ಪಾಲಾಗಿ, ಪಾಲು ಹೋಳಾಗಿ, ಹೋಳು ಮಹಡಿಯಾಗಿ, ಈಗ ಪಕ್ಕದ ಮನೆಯ ಒಗ್ಗರಣೆಗೆ ಈ ಮನೆಯವರು ಸೀನುತ್ತಾರೆ. ‘ಸೆಟ್‌ಬ್ಯಾಕ್ ಎಲ್ಲಪ್ಪಾ?’ ಎಂದರೆ ಬ್ರೋಕರು ಗೋಡೆಗೂ ಗೋಡೆಗೂ ನಡುವೆ ಕೈ ತೂರಿಸಿ ತೋರಿಸಿದ. ಮೊಣಕೈವರೆಗೆ ಹೋಯಿತು.

ಎರಡನೇ ಮಹಡಿಯಲ್ಲಿ ಒಬ್ಬ ಅಜ್ಜಿ, ಒಬ್ಬರೇ, ಬಾಡಿಗೆಗಿದ್ದರು. ನಾನು ಎಂದಿನಂತೆ ನಲ್ಲಿಗೆ ಕೈ ಹಾಕಿದೆ. ಅವರು ಹುರಿದ ಕಡಲೆಕಾಯಿಯ ತಟ್ಟೆ ಮುಂದಿಟ್ಟು, ಬ್ರೋಕರು ಬಾಲ್ಕನಿಗೆ ಹೋದದ್ದನ್ನು ನೋಡಿಕೊಂಡು ಮೆಲ್ಲಗೆ ಕೇಳಿದರು: ‘ನೀವು ತಗೊಂಡ್ರೆ ನನ್ನ ಖಾಲಿ ಮಾಡಿಸ್ತೀರೇನಪ್ಪಾ?’

ಇಲ್ಲಾ ಅಜ್ಜಿ, ನಾನು ಕೊಳ್ಳುವವನೇ ಅಲ್ಲ ಅನ್ನಬೇಕಿತ್ತು. ಆದರೆ ನನ್ನೊಳಗಿನ ಮಾಲೀಕ ಅಷ್ಟು ಹೊತ್ತಿಗೆ ಗಂಟಲಿನವರೆಗೆ ಬಂದುಬಿಟ್ಟಿದ್ದ. ‘ಛೆ ಛೆ, ನೀವಿರಿ. ಬಾಡಿಗೇನೂ ಹೆಚ್ಚು ಮಾಡಲ್ಲ’ ಎಂದು ಅಭಯಹಸ್ತ ತೋರಿದ. ಅಜ್ಜಿ ಇನ್ನಷ್ಟು ಕಡಲೆಕಾಯಿ ಸುರಿದರು. ತಿಂದೆ.

ಕೆಳಗೆ ಯಜಮಾನರು ಕಾಫಿ ಕೊಟ್ಟು, ‘ಐದೂ ಕಾಲು’ ಅಂದರು. ಆ ಮಟ್ಟದಲ್ಲಿ ಯಾರೂ ಕೋಟಿ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ನಾನು ‘ನಾಲ್ಕೂ ಮುಕ್ಕಾಲು’ ಅಂದೆ. ಗಾಂಧಿ ಬಜಾರಿನಲ್ಲಿ ಅವರೆಕಾಯಿಗೆ ಹತ್ತು ರೂಪಾಯಿ ಇಳಿಸಲು ನನ್ನ ದನಿ ನಡುಗುತ್ತದೆ. ಐವತ್ತು ಲಕ್ಷಕ್ಕೆ ನಡುಗಲಿಲ್ಲ. ಇಲ್ಲದ ದುಡ್ಡಿನ ಧೈರ್ಯವೇ ಬೇರೆ. ಅವರು ತಲೆಯಾಡಿಸಿದರು. ನಾನು ಎದ್ದೆ.

ಚೌಕಾಸಿಯ ಮರ್ಮವೆಲ್ಲ ಚಪ್ಪಲಿ ಮೆಟ್ಟುವುದರಲ್ಲಿದೆ. ಬೇಗ ಮೆಟ್ಟಿದರೆ ವ್ಯಾಪಾರ ಮುರಿಯಿತು, ತೀರಾ ತಡವಾದರೆ ಆಸೆ ಬಯಲಾಯಿತು. ಎಡಗಾಲಿನದನ್ನು ಮೆಟ್ಟಿದೆ. ಒಳಗಿನಿಂದ ಸದ್ದಿಲ್ಲ. ಬಲಗಾಲಿನದರ ಬೆಲ್ಟು ಹಾಕಿದೆ, ತೂತು ಸರಿಯಿಲ್ಲವೆಂದು ಬಿಚ್ಚಿದೆ, ಒಳಗಿಲ್ಲದ ಕಲ್ಲೊಂದನ್ನು ಕೊಡವಿದೆ. ಬ್ರೋಕರು ಉಸಿರು ಬಿಗಿಹಿಡಿದಿದ್ದ; ಅವನ ಕಮಿಷನ್ನು ನನ್ನ ಹೆಬ್ಬೆರಳಿನ ತುದಿಯಲ್ಲಿ ತೂಗಾಡುತ್ತಿತ್ತು. ಮೂರನೇ ಮಹಡಿಯ ಹುಡುಗನೊಬ್ಬ ಸ್ಕೂಲ್ ಬ್ಯಾಗ್ ಸಮೇತ ಮೆಟ್ಟಿಲ ಮೇಲೆ ನಿಂತುಬಿಟ್ಟ. ಚಪ್ಪಲಿ ಹಾಕಿಕೊಳ್ಳಲು ಬಾರದ ಇಷ್ಟು ದೊಡ್ಡ ಮನುಷ್ಯನನ್ನು ಅವನು ಕಂಡಿರಲಿಲ್ಲ. ‘ಅಂಕಲ್, ನಾನು ಹಾಕ್ಲಾ?’ ಅಂದ. ಕಣ್ಣಲ್ಲೇ ಗದರಿದೆ. ಬೆಲ್ಟಿನ ಮುಳ್ಳು ಕೊನೆಯ ತೂತಿಗೆ ಬೀಳುವುದಕ್ಕೂ ಒಳಗಿನಿಂದ ದನಿ ಬರುವುದಕ್ಕೂ ಸರಿಹೋಯಿತು: ‘ಬನ್ನಿ ಸಾರ್, ಐದು ಮಾಡ್ಕೊಳ್ಳಿ.’

ಗೆದ್ದಿದ್ದೆ! ಇಪ್ಪತ್ತೈದು ಲಕ್ಷ ಉಳಿಸಿದ್ದೆ! ಹೆಂಡತಿಗೆ ಫೋನ್ ಮಾಡಿ ಹೇಳೋಣವೆಂದು ಜೇಬಿಗೆ ಕೈಹಾಕಿದಾಗ ಮೈ ಬೆವರಿತು. ಐದು ಕೋಟಿ ಹಾಗಿರಲಿ, ಸ್ಟ್ಯಾಂಪ್ ಡ್ಯೂಟಿ ನೂರಕ್ಕೆ 5, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ನೂರಕ್ಕೆ 2. ಸರ್ಕಾರಕ್ಕೇ ಮೂವತ್ತೈದು ಲಕ್ಷ, ಅದರ ಮೇಲೆ ಸೆಸ್ಸು. ನನ್ನ ಉಳಿತಾಯ ಸೆಸ್ಸಿಗೂ ಸಾಲದು. ‘ಟೋಕನ್ ಎಷ್ಟು ಹಾಕ್ತೀರಿ?’ ಎಂದರು ಯಜಮಾನರು.

ಎಚ್. ನರಸಿಂಹಯ್ಯನವರ ನ್ಯಾಷನಲ್ ಕಾಲೇಜು ಅಲ್ಲೇ ಕೂಗಳತೆಯಲ್ಲಿದೆ. ಅಲ್ಲಿ ಓದಿದವನು ನಾನು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂಬ ಅವರ ಮಾತನ್ನು ಊರಿಗೆಲ್ಲ ಉಪದೇಶಿಸಿದವನು. ಅಂಥ ನನ್ನ ಬಾಯಿಂದ ಬಂದ ಮಾತು: ‘ಎಲ್ಲಾ ಸರಿ, ಈಶಾನ್ಯದಲ್ಲಿ ಟಾಯ್ಲೆಟ್ ಇದೆಯಲ್ಲ.’

‘ಒಡೆಸಿ ಕೊಡ್ತೀನಿ ಬಿಡಿ. ನನ್ನ ಖರ್ಚು.’

ವಾಸ್ತುವೂ ಕೈಬಿಟ್ಟಿತು. ಉಳಿದದ್ದು ನಮ್ಮವರ ಕಟ್ಟಕಡೆಯ ಬ್ರಹ್ಮಾಸ್ತ್ರ: ‘ಮನೇಲಿ ಒಂದ್ಮಾತು ಕೇಳಿ ಹೇಳ್ತೀನಿ.’ ಚಪ್ಪಲಿಯನ್ನು ಈ ಸಲ ಕೈಯಲ್ಲೇ ಹಿಡಿದು ಬಂದೆ.

ಕಟ್ಟಡ ಬೇರೆ ಯಾರಿಗೋ ಹೋಯಿತು. ಎಲ್ಲರನ್ನೂ ಬಿಡಿಸಿ ಪಿಜಿ ಮಾಡುತ್ತಾರಂತೆ ಎಂದು ಬ್ರೋಕರು ತಿಳಿಸಿದ. ನನಗೀಗ ಅವನ ಪಟ್ಟಿಯಲ್ಲಿ ಗಟ್ಟಿ ಪಾರ್ಟಿ ಎಂಬ ಸ್ಥಾನವಿದೆ. ಮೊನ್ನೆ ಹೂವಿನ ಅಂಗಡಿಯ ಮುಂದೆ ಅಜ್ಜಿ ಸಿಕ್ಕರು. ಮರೆಯಾಗಲು ನೋಡಿದೆ, ಆಗಲಿಲ್ಲ. ಉತ್ತರಹಳ್ಳಿಯ ಕಡೆ ಮನೆ ಹುಡುಕುತ್ತಿದ್ದಾರಂತೆ. ಮೊಳ ಸೇವಂತಿಗೆಯನ್ನು ಚೀಲಕ್ಕೆ ಹಾಕಿಕೊಂಡು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಹೇಳಿದರು:

‘ಅಲ್ಲಪ್ಪಾ, ಇನ್ನೊಂದು ಐದು ಲಕ್ಷ ಹಾಕಿದ್ರೆ ನಿಮಗೇ ಆಗ್ತಿತ್ತಲ್ಲ? ಇಷ್ಟಿದ್ದೂ ಅಷ್ಟು ಜುಗ್ಗತನ ಯಾಕೆ?’