ಮೊಣಕಾಲಿನ ಭಕ್ತಿ

ಭಗವಂತನನ್ನು ಸೇರಲು ಜ್ಞಾನ, ಕರ್ಮ, ಭಕ್ತಿ ಎಂಬ ಮೂರು ಮಾರ್ಗಗಳನ್ನು ಹಿರಿಯರು ವಿಧಿಸಿರುವರಷ್ಟೆ. ಶ್ರೀರಂಗಪಟ್ಟಣದ ಬಳಿ ನಾಲೆಯ ಏರಿಯ ಮೇಲೆ ಸಾಗುವ ಮಣ್ಣುದಾರಿಯನ್ನು ಅವರು ಈ ಪಟ್ಟಿಗೆ ಸೇರಿಸದಿರುವುದಕ್ಕೆ, ಅವರ ಕಾಲದಲ್ಲಿ ಕಾವೇರಿ ಟ್ರೇಲ್ ಮ್ಯಾರಥಾನ್ ಎಂಬ ಓಟವು ನಡೆಯುತ್ತಿರಲಿಲ್ಲವೆಂಬುದೊಂದೇ ಕಾರಣವಿರಬೇಕು. ಪೂರ್ಣ ದೂರವನ್ನು ಓಡುವ ಪುಣ್ಯಾತ್ಮರೂ ಅಲ್ಲಿ ನೆರೆದಿದ್ದರು. ನಾನಾದರೋ ಅರ್ಧಕ್ಕೇ ತೃಪ್ತನಾಗುವ ಸಾತ್ತ್ವಿಕ ಸ್ವಭಾವದವನು. ಅರ್ಧವೆಂದರೂ 21 ಕಿಲೋಮೀಟರು, ಮೇಲೆ 97 ಮೀಟರು ಚಿಲ್ಲರೆ.

ಈ ಚಿಲ್ಲರೆಯ ಚರಿತ್ರೆ ಸ್ವಾರಸ್ಯವಾದದ್ದು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಓಟವು ವಿಂಡ್ಸರ್ ಅರಮನೆಯಲ್ಲಿ ಆರಂಭವಾಗಿ ಕ್ರೀಡಾಂಗಣದ ರಾಜಾಸನದೆದುರಿಗೆ ಮುಗಿಯುವಂತೆ ಏರ್ಪಾಟಾದುದರಿಂದ ಒದಗಿದ 42 ಕಿಲೋಮೀಟರು 195 ಮೀಟರುಗಳ ದೂರವೇ 1921ರಲ್ಲಿ ಲೋಕಕ್ಕೆಲ್ಲ ಶಾಸನವಾಯಿತು. 1799ರಲ್ಲಿ ಟಿಪ್ಪು ಸುಲ್ತಾನನು ಆಂಗ್ಲರೊಡನೆ ಕಾದಿ ಮಡಿದ ಊರಿನ ಮಗ್ಗುಲಲ್ಲಿಯೇ, ಆ ಆಂಗ್ಲರು ಗಂಟುಮೂಟೆ ಕಟ್ಟಿ ಹೋದ ಎಷ್ಟೋ ಕಾಲದ ಮೇಲೆ, ನಾನು ನನ್ನ ಮೊಣಕಾಲುಗಳ ಮೂಲಕ ಅವರ ಅರಮನೆಗೆ ಅರೆಪಾಲು ಕಪ್ಪವನ್ನು ಸಲ್ಲಿಸುತ್ತಿರುವೆನಲ್ಲಾ ಎಂಬ ದೇಶಾಭಿಮಾನದ ಸಿಟ್ಟು ನನ್ನನ್ನು ಮೊದಮೊದಲು ಬಿರುಸಾಗಿ ಓಡಿಸಿತು. ಸಿಟ್ಟು ಓಟಕ್ಕೆ ಒಳ್ಳೆಯದೇ. ಬೇಗ ತೀರಿಹೋಗುತ್ತದೆ, ಅಷ್ಟೆ.

ತೀರಿದ ಮೇಲೆ ಉಳಿದದ್ದು ಬಿಸಿಲು. ಒಂದು ಕಡೆ ನಾಲೆಯ ನೀರು, ಇನ್ನೊಂದು ಕಡೆ ಭತ್ತದ ಗದ್ದೆ. ರಂಗನತಿಟ್ಟಿನ ಕೊಕ್ಕರೆಗಳು ಯಾವ ಪರಿಶ್ರಮವೂ ಇಲ್ಲದೆ ನನ್ನನ್ನು ದಾಟಿಕೊಂಡು ಹೋದವು. ನಾಲೆಯಲ್ಲಿ ಬಟ್ಟೆ ಒಗೆಯುತ್ತಿದ್ದ ವೃದ್ಧೆಯೊಬ್ಬಳು ತಲೆಯೆತ್ತಿ, “ಇಷ್ಟ್ ದೂರ ಓಡುದ್ರೆ ಎಷ್ಟ್ ಕೊಟ್ಟಾರು ಮಗಾ?” ಎಂದು ಕೇಳಿದಳು. “ದುಡ್ಡು ನಾವೇ ಕಟ್ಟಬೇಕು ಅಜ್ಜಿ” ಎಂದೆ. ಆಕೆ “ಶಿವನೇ!” ಎಂದು, ಕೈಯಲ್ಲಿದ್ದ ಪಂಚೆಯನ್ನು ಇಮ್ಮಡಿ ರಭಸದಿಂದ ಕಲ್ಲಿಗೆ ಬಡಿದಳು. ವೇದಾಂತ ಗ್ರಂಥಗಳಿಗೆ ಅಲುಗದಿದ್ದ ನನ್ನ ಅಹಂಕಾರದ ಕೊಳೆಯು ಆ ಪೆಟ್ಟಿಗೆ ಬಹುಭಾಗ ಬಿಟ್ಟುಹೋಯಿತು.

ಮುಂದಿನ ತಿರುವಿನಲ್ಲಿ ನಿಂತಿದ್ದ ಬಾಲಕನು ಒಂದು ಲೋಟ ನೀರನ್ನೂ ಉಪ್ಪು ಸವರಿದ ಕಿತ್ತಳೆಯ ತೊಳೆಯನ್ನೂ ಕೈಯಲ್ಲಿಟ್ಟಾಗ ನನ್ನ ಕಣ್ಣು ತುಂಬಿಬಂದಿತು. 1896ರಲ್ಲಿ ಅಥೆನ್ಸಿನಲ್ಲಿ ಒಲಿಂಪಿಕ್ಸಿನ ಮೊತ್ತಮೊದಲ ಮ್ಯಾರಥಾನನ್ನು ಗೆದ್ದ ಸ್ಪಿರಿಡಾನ್ ಲೂಯಿಸನು ನೀರು ಹೊರುವ ಕಸುಬಿನವನಾಗಿದ್ದನೆಂಬುದರ ಔಚಿತ್ಯ ಆಗ ಹೊಳೆಯಿತು. ಅಲ್ಲಿಂದ ಮುಂದೆ ಕೃತಜ್ಞತೆಗೆ ಅಂಕೆಯೇ ಇಲ್ಲದಂತಾಯಿತು: ನೆರಳು ಕೊಟ್ಟ ಹೊಂಗೆಗೆ, ದಾರಿ ಬಿಟ್ಟ ಎತ್ತಿನ ಗಾಡಿಗೆ, ಇಷ್ಟು ವರ್ಷ ನನ್ನನ್ನು ಹೊತ್ತೂ ಒಂದು ಮಾತಾಡದೆ ಆ ದಿನ ಮಾತ್ರ ಬಾಯಿಬಿಟ್ಟ ಮೊಣಕಾಲಿಗೆ, ಎಲ್ಲಕ್ಕಿಂತ ಮಿಗಿಲಾಗಿ ನನಗಿಂತ ಹಿಂದುಳಿದು ನನ್ನ ಮಾನವನ್ನು ಕಾಪಾಡಿದ ಮಹನೀಯರಿಗೆ ಮನಸ್ಸಿನಲ್ಲಿಯೇ ವಂದಿಸಿದೆನು. ಮನೆಯ ಸಾಲ, ಕಚೇರಿಯ ಕಡತ, ನೆಂಟರ ಮುನಿಸು ಇವೊಂದೂ ನೆನಪಿಗೆ ಬಾರದೆ, ಉಸಿರು ಹೆಜ್ಜೆಗಳೆರಡೇ ಉಳಿದು, ಅವೂ ನನ್ನವಲ್ಲವೆಂಬಂತಹ ಒಂದು ಹಗುರವಾದ ಹರ್ಷವು ಮೈಯನ್ನೆಲ್ಲ ಆವರಿಸಿದ್ದಿತು. ಪದ್ಮಾಸನದಲ್ಲಿ ಕುಳಿತು ಅದನ್ನು ಅರಸಿದಾಗಲೆಲ್ಲ ನನಗೆ ದೊರೆತದ್ದು ನಿದ್ರೆ.

ಬಲ್ಲವರು ಆ ಹರ್ಷಕ್ಕೂ ಕಾರಣವನ್ನು ಹೇಳುತ್ತಾರೆ: 1992ರಲ್ಲಿ ಮೆದುಳಿನಲ್ಲಿ ಗುರುತಿಸಲ್ಪಟ್ಟ ಆನಂದಮೈಡ್ ಎಂಬ ದ್ರವ್ಯವು ಬಹಳ ಹೊತ್ತು ಓಡಿದವನ ರಕ್ತದಲ್ಲಿ ಹೆಚ್ಚುತ್ತದೆಯಂತೆ. ಇರಲಿ, ಭಗವಂತನಿಗೆ ರಸಾಯನಶಾಸ್ತ್ರವೂ ಗೊತ್ತಿರುವುದರಲ್ಲಿ ನನ್ನ ಆಕ್ಷೇಪಣೆಯೇನೂ ಇಲ್ಲ.

ನಂಬಿಕೆ ಬಾರದ ವಾಚಕರು ಒಮ್ಮೆ ಬಂದು ಓಡಿ ನೋಡಬಹುದು. ಓಡಲಾರದವರು ಕಿತ್ತಳೆಯ ತೊಳೆಗಳನ್ನು ಹಿಡಿದು ಏರಿಯ ಮೇಲೆ ನಿಂತರೂ ಸಾಕು, ಪುಣ್ಯದ ದೊಡ್ಡ ಪಾಲು ಅವರದೇ. ಉಪ್ಪನ್ನು ಮಾತ್ರ ಮರೆಯದೆ ತರಬೇಕು.